ಯುದ್ಧ ತಡೆದ ಹಾಡು: ತಗಡೂರಿನ ಅವ್ವೈಯಾರ್ ಮತ್ತು ಪುರನಾನೂರಿನ 95ನೇ ಪದ್ಯ

ತಮಿಳುನಾಡಿನ ಧರ್ಮಪುರಿಯ ಹಳೆಯ ಹೆಸರು ತಗಡೂರು. ಸಂಗಂ ಕಾಲದಲ್ಲಿ ಇಲ್ಲಿ ಆಳಿದವನು ಅದಿಯಮಾನ್ ನೆಡುಮಾನ್ ಅಂಜಿ. ಅವನ ಆಸ್ಥಾನದ ಕವಯಿತ್ರಿ ಅವ್ವೈಯಾರ್ ಒಮ್ಮೆ ಅವನ ದೂತಳಾಗಿ ತೊಂಡೈಮಾನ್ ಎಂಬ ಅರಸನಲ್ಲಿಗೆ ಹೋದಳು. ಕವಿದಿದ್ದ ಯುದ್ಧವನ್ನು ನಿಲ್ಲಿಸುವುದು ಅವಳ ಕೆಲಸವಾಗಿತ್ತು. ತೊಂಡೈಮಾನ್ ಅವಳನ್ನು ತನ್ನ ಆಯುಧಶಾಲೆಗೆ ಕರೆದೊಯ್ದು ಸಾಲುಸಾಲು ಆಯುಧಗಳನ್ನು ತೋರಿಸಿದ. ಅವುಗಳನ್ನು ನೋಡುತ್ತ ಅವಳು ಹಾಡಿದ ಕೆಲವೇ ಸಾಲುಗಳು ‘ಪುರನಾನೂರು’ ಎಂಬ ಸಂಕಲನದಲ್ಲಿ 95ನೇ ಪದ್ಯವಾಗಿ ಉಳಿದಿವೆ. ಆ ಹಾಡಿನಿಂದ ಯುದ್ಧ ತಪ್ಪಿತೆಂದು ತಮಿಳು ನಾಡು ನಂಬಿಕೊಂಡು ಬಂದಿದೆ.

ಸೇಲಂ, ಧರ್ಮಪುರಿ ಸೀಮೆಗೆ ಸೇರಿದ ಯುದ್ಧವಿರೋಧಿ ಹಾಡುಗಳಲ್ಲಿ ಇದಕ್ಕಿಂತ ಹಳೆಯದನ್ನು ಹೆಸರಿಸುವುದು ಕಷ್ಟ. ಆದರೆ ಯುದ್ಧ ಕೆಟ್ಟದ್ದು ಎಂಬ ಮಾತು ಇದರಲ್ಲಿ ಎಲ್ಲಿಯೂ ಬರುವುದಿಲ್ಲ. ಯುದ್ಧದ ಉಪಕರಣಗಳು ನಿಜವಾಗಿ ಯಾವ ಸ್ಥಿತಿಯಲ್ಲಿರುತ್ತವೆ ಎಂಬುದನ್ನಷ್ಟೇ ಅದು ಅರಸನ ಕಣ್ಣೆದುರು ಇಡುತ್ತದೆ. ಅದರ ಬಲವೂ ಅಲ್ಲಿಯೇ ಇದೆ.

ಪದ್ಯ ಹೇಳುವುದೇನು?

ಪದ್ಯದಲ್ಲಿ ಎರಡು ಚಿತ್ರಗಳಿವೆ. ಮೊದಲನೆಯದು ಕಣ್ಣೆದುರಿನ ಆಯುಧಗಳದು. ಅವಕ್ಕೆ ನವಿಲುಗರಿ ಸಿಕ್ಕಿಸಿದೆ, ಹೂಮಾಲೆ ಹಾಕಿದೆ. ಗಟ್ಟಿ ಹಿಡಿಗಳನ್ನು ಒಪ್ಪಮಾಡಿ ತುಪ್ಪ ಸವರಿದೆ. ಅವು ಕಾವಲಿರುವ ವಿಶಾಲ ಅರಮನೆಯಲ್ಲಿ ಭದ್ರವಾಗಿವೆ. ಮನೆಮನೆಯ ಆಯುಧಪೂಜೆಯಲ್ಲಿ ಹೂ ಮುಡಿದು ಕುಳಿತ ಕತ್ತಿ ಕುಡುಗೋಲುಗಳನ್ನು ಕಂಡವರಿಗೆ ಈ ಚಿತ್ರ ಕೂಡಲೇ ಹಿಡಿಸುತ್ತದೆ.

ಎರಡನೆಯದು ದೂರದ ತಗಡೂರಿನ ಆಯುಧಗಳದು. ಹಗೆಗಳನ್ನು ತಿವಿದು ತಿವಿದು ಅವುಗಳ ಅಂಚು ಮುರಿದಿದೆ, ಮೊನೆ ಮೊಂಡಾಗಿದೆ. ಅವು ಯಾವಾಗಲೂ ಕಮ್ಮಾರನ ಪುಟ್ಟ ಕುಲುಮೆಮನೆಯಲ್ಲೇ ಬಿದ್ದಿರುತ್ತವೆ.

ಕೊನೆಯಲ್ಲಿ ಆ ಮುರುಕು ಭರ್ಜಿಗಳ ಒಡೆಯ ಯಾರೆಂದು ಅವ್ವೈ ಹೇಳುತ್ತಾಳೆ. ಗೆದ್ದ ಯುದ್ಧಗಳ ಪಟ್ಟಿ ಕೊಡುವುದಿಲ್ಲ. ಇದ್ದಾಗ ಊಟವಿಟ್ಟು, ಇಲ್ಲದಾಗ ಇದ್ದುದನ್ನೇ ಜೊತೆಗೆ ಕೂತು ಹಂಚಿಕೊಂಡು ಉಣ್ಣುವವನು, ಬಡವರ ಬಳಗಕ್ಕೆ ಹಿರಿಯ ಎಂದು ಪರಿಚಯಿಸುತ್ತಾಳೆ. ಆಯುಧದಿಂದ ಆರಂಭವಾದ ಪದ್ಯ ಕೊನೆಯ ಹೊತ್ತಿಗೆ ಅನ್ನದ ಮಾತಿಗೆ ಬರುತ್ತದೆ.

ಹೊಗಳಿಕೆಯ ಒಳಗಿರುವ ಎಚ್ಚರಿಕೆ

ಕೇಳಿದ ಕೂಡಲೇ ಇದು ಆತಿಥೇಯನ ಹೊಗಳಿಕೆ ಎನಿಸುತ್ತದೆ: ನಿನ್ನ ಆಯುಧಗಳು ಎಷ್ಟು ಅಂದ, ನಮ್ಮವು ಮುರುಕು. ಮರುಕ್ಷಣವೇ ಅರ್ಥ ತಿರುಗುತ್ತದೆ. ಹೊಳೆಯುವ ಆಯುಧ ರಣರಂಗ ಕಂಡದ್ದಲ್ಲ, ಮೊಂಡಾದ ಆಯುಧ ಕಂಡದ್ದು. ಅದಿಯಮಾನನ ಪಡೆ ಯುದ್ಧದಲ್ಲಿ ನುರಿತದ್ದು, ನೀನು ಹೊಸಬ, ಸೋಲುತ್ತೀಯೆ ಎಂಬ ಎಚ್ಚರಿಕೆ ಅದರಲ್ಲಿದೆ. ನಮ್ಮ ಅಲಂಕಾರಶಾಸ್ತ್ರ ಇಂಥದನ್ನು ವ್ಯಾಜಸ್ತುತಿ ಎನ್ನುತ್ತದೆ. ದಾಸರ ನಿಂದಾಸ್ತುತಿಗಳನ್ನು ಕೇಳಿ ಬೆಳೆದ ಕನ್ನಡಿಗರಿಗೆ ಈ ಜಾಡು ಹೊಸದಲ್ಲ.

ಹಲವು ವ್ಯಾಖ್ಯಾನಗಳು ಇಲ್ಲಿಗೇ ನಿಲ್ಲುತ್ತವೆ. ಆದರೆ ಪದ್ಯ ಇನ್ನೂ ಒಂದು ಹೆಜ್ಜೆ ಮುಂದೆ ಕರೆದೊಯ್ಯುತ್ತದೆ. ಅಂದದ ಆಯುಧ ಆಯುಧವಾಗಿ ಇನ್ನೂ ಕೆಲಸ ಮಾಡಿಲ್ಲ. ಕೆಲಸ ಮಾಡಿದರೆ ಅದರ ಗರಿ, ಮಾಲೆ, ಹೊಳಪು ಯಾವುದೂ ಉಳಿಯುವುದಿಲ್ಲ. ಅರಸ ಹೆಮ್ಮೆಯಿಂದ ತೋರಿಸುತ್ತಿರುವ ಸಾಲಿನ ಮುಂದಿನ ಗತಿ ಕುಲುಮೆಯ ಮೂಲೆ. ಗೆದ್ದವನ ಮನೆಯಲ್ಲೂ ಯುದ್ಧ ಉಳಿಸುವುದು ಮುರುಕು ಕಬ್ಬಿಣವನ್ನು. ದೂತಳು ತನ್ನ ಅರಸನ ಬಲವನ್ನು ಬಿಟ್ಟುಕೊಡದೆ, ಎದುರಿನ ಅರಸನ ಮಾನವನ್ನೂ ಕೆಡಿಸದೆ ಈ ಮಾತನ್ನು ಹೇಳಬೇಕಿತ್ತು. ನೇರವಾಗಿ ಬೆದರಿಸಿದ್ದರೆ ತೊಂಡೈಮಾನ್ ಕತ್ತಿ ಹಿಡಿಯಲೇಬೇಕಾಗುತ್ತಿತ್ತು, ಬೇಡಿಕೊಂಡಿದ್ದರೆ ತಗಡೂರು ಸೋತಂತಾಗುತ್ತಿತ್ತು. ಹೊಗಳಿಕೆಯ ರೂಪದಲ್ಲಿ ಹೇಳಿದ್ದರಿಂದ ಅವನಿಗೆ ಹಿಂದೆ ಸರಿಯಲು ದಾರಿ ಉಳಿಯಿತು.

ಸಂಗಂ ಕಾವ್ಯಮೀಮಾಂಸೆ ಈ ಪದ್ಯವನ್ನು ಅರಸನ ಗುಣಕೀರ್ತನೆಯ ‘ಪಾಡಾಣ್’ ವರ್ಗಕ್ಕೆ, ಅದರಲ್ಲಿಯೂ ಆಯುಧಕ್ಕೆ ಮಂಗಳ ಹಾಡುವ ‘ವಾಣ್ ಮಂಗಲಂ’ ಎಂಬ ಬಗೆಗೆ ಸೇರಿಸಿದೆ. ಆಯುಧದ ಮಂಗಳಗೀತೆ ಎಂಬ ಸಿದ್ಧ ಅಚ್ಚನ್ನೇ ತೆಗೆದುಕೊಂಡು ಯುದ್ಧ ತಡೆಯಲು ಬಳಸಿದ್ದು ಅವ್ವೈಯ ಸಾಧನೆ.

ಸಂದರ್ಭ ತಿಳಿದದ್ದು ಹೇಗೆ?

ಪದ್ಯದೊಳಗೆ ತೊಂಡೈಮಾನನ ಹೆಸರಿಲ್ಲ, ದೌತ್ಯದ ಸುದ್ದಿಯಿಲ್ಲ, ತಗಡೂರೂ ಇಲ್ಲ. ‘ಇವು’, ‘ಅವು’ ಎಂಬ ಎರಡು ಸರ್ವನಾಮಗಳ ಮೇಲೆ ಇಡೀ ಪದ್ಯ ನಿಂತಿದೆ. ಅದಿಯಮಾನ್ ದೂತಳಾಗಿ ಕಳಿಸಿದ್ದು, ತೊಂಡೈಮಾನ್ ಆಯುಧಶಾಲೆ ತೋರಿಸಿದ್ದು, ಆಗ ಅವಳು ಹಾಡಿದ್ದು, ಇಷ್ಟೂ ಬರುವುದು ಪದ್ಯದ ಕೊನೆಗೆ ಸೇರಿಸಿದ ಕಿರು ಟಿಪ್ಪಣಿಯಲ್ಲಿ. ಪುರನಾನೂರಿನ ಪದ್ಯಗಳಿಗೆ ಇಂಥ ಅಡಿಬರಹಗಳಿದ್ದು, ಯಾರು, ಯಾರ ಮೇಲೆ, ಯಾವ ಸಂದರ್ಭದಲ್ಲಿ ಹಾಡಿದರು ಎಂಬುದನ್ನು ತಿಳಿಸುತ್ತವೆ. ಇವು ಪದ್ಯಗಳಿಗಿಂತ ಈಚಿನವು, ಸಂಕಲನಕಾರರು ಸೇರಿಸಿದವು ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಹಾಗಾಗಿ ಕಥೆಯನ್ನು ಶಾಸನದಂಥ ಸಾಕ್ಷ್ಯವೆನ್ನದೆ ಪರಂಪರೆಯ ನೆನಪು ಎಂದು ಓದುವುದು ಸರಿ.

ನಾನೂರು ಪದ್ಯಗಳ ಈ ಸಂಕಲನ ಶತಮಾನಗಳ ಕಾಲ ತಾಳೆಗರಿಗಳಲ್ಲಿ ಉಳಿದಿತ್ತು. ಮೊದಲ 266 ಪದ್ಯಗಳಿಗೆ ಹಳೆಯ ವ್ಯಾಖ್ಯಾನವೊಂದಿದೆ. ಉ.ವೇ. ಸ್ವಾಮಿನಾಥ ಅಯ್ಯರ್ ಊರೂರು ಅಲೆದು ಪ್ರತಿಗಳನ್ನು ಕೂಡಿಸಿ, ಹೋಲಿಸಿ 1894ರಲ್ಲಿ ಇದನ್ನು ಅಚ್ಚು ಹಾಕಿಸಿದರು. ಸಂಗಂ ಕಾವ್ಯವನ್ನು ಹೊರಜಗತ್ತಿನ ಓದುಗರಿಗೆ ಮುಟ್ಟಿಸಿದವರಲ್ಲಿ ಮೈಸೂರಿನಲ್ಲಿ ಹುಟ್ಟಿದ ಕನ್ನಡ ಕವಿ ಎ.ಕೆ. ರಾಮಾನುಜನ್ ಮುಖ್ಯರು. ಸಂಗಂ ಕಾಲದ ಪ್ರೇಮ ಮತ್ತು ಯುದ್ಧದ ಪದ್ಯಗಳನ್ನು ಆಯ್ದು ಅವರು ಮಾಡಿದ ಇಂಗ್ಲಿಷ್ ಅನುವಾದ 1985ರಲ್ಲಿ ಪ್ರಕಟವಾಯಿತು.

ಅದಿಯಮಾನ್: ಕಾವ್ಯದಲ್ಲಿ ಮತ್ತು ಕಲ್ಲಿನಲ್ಲಿ

ಅದಿಯಮಾನನನ್ನು ಶಾಂತಿದೂತನೆಂದು ಕಲ್ಪಿಸಿಕೊಂಡರೆ ತಪ್ಪಾಗುತ್ತದೆ. ಮಲೈಯಮಾನ್ ಮನೆತನದ ಕೋವಲೂರನ್ನು, ಅಂದರೆ ಇಂದಿನ ತಿರುಕ್ಕೋವಿಲೂರನ್ನು, ಅವನು ಗೆದ್ದದ್ದನ್ನು ಪುರನಾನೂರಿನ 99ನೇ ಪದ್ಯ ಹೇಳುತ್ತದೆ. ಈ ಮಣ್ಣಿಗೆ ಕಬ್ಬನ್ನು ತಂದವರು ಅವನ ಪೂರ್ವಜರೆಂಬ ಮಾತೂ ಅದೇ ಪದ್ಯದಲ್ಲಿದೆ. ತಮಿಳು ಪರಂಪರೆ ನೆನೆಯುವ ಏಳು ಮಂದಿ ಮಹಾದಾನಿಗಳಲ್ಲಿ ಅವನೊಬ್ಬ. ತಿಂದವರಿಗೆ ದೀರ್ಘಾಯುಷ್ಯ ಕೊಡುವ ಅಪರೂಪದ ನೆಲ್ಲಿಕಾಯಿ ಸಿಕ್ಕಾಗ ತಾನು ತಿನ್ನದೆ ಅವ್ವೈಗೆ ಕೊಟ್ಟನೆಂಬ ಕಥೆಗೆ 91ನೇ ಪದ್ಯ ಆಧಾರ.

ಇವನು ಕವಿಗಳ ಕಲ್ಪನೆಯಷ್ಟೇ ಅಲ್ಲ ಎಂಬುದಕ್ಕೆ 1981ರಲ್ಲಿ ಬೆಳಕಿಗೆ ಬಂದ ಜಂಬೈ ಶಾಸನ ಸಾಕ್ಷಿ. ತಿರುಕ್ಕೋವಿಲೂರಿನ ಹತ್ತಿರದ ಜಂಬೈ ಎಂಬ ಹಳ್ಳಿಯ ಗುಡ್ಡದ ಗವಿಯಲ್ಲಿ ತಮಿಳು ಬ್ರಾಹ್ಮಿ ಲಿಪಿಯ ಒಂದೇ ಸಾಲು ಕೊರೆದಿದೆ. ಸತಿಯಪುತ್ರ ಅದಿಯನ್ ನೆಡುಮಾನ್ ಅಂಜಿ ಈ ವಸತಿಯನ್ನು ದಾನ ಕೊಟ್ಟ ಎಂಬುದು ಅದರ ತಾತ್ಪರ್ಯ. ಅಕ್ಷರಗಳ ರೂಪ ನೋಡಿ ಐರಾವತಂ ಮಹಾದೇವನ್ ಇದನ್ನು ಸುಮಾರು ಕ್ರಿ.ಶ. 1ನೇ ಶತಮಾನಕ್ಕೆ ಸೇರಿಸಿದ್ದಾರೆ.

ಅಶೋಕನ ಎರಡನೇ ಬೃಹತ್ ಶಿಲಾಶಾಸನ ತೆಂಕಣದ ನೆರೆನಾಡುಗಳನ್ನು ಹೆಸರಿಸುವಾಗ ಚೋಳ, ಪಾಂಡ್ಯ, ಕೇರಳಪುತ್ರರ ಜೊತೆ ಸತಿಯಪುತ್ರರನ್ನೂ ಸೇರಿಸುತ್ತದೆ. ಈ ಸತಿಯಪುತ್ರರು ಯಾರೆಂಬ ಬಹುಕಾಲದ ಚರ್ಚೆಗೆ ಜಂಬೈ ಉತ್ತರ ಕೊಟ್ಟಿತು: ಅವರು ತಗಡೂರಿನ ಅದಿಯರು. ಕಳಿಂಗ ಯುದ್ಧದಲ್ಲಿ ಸತ್ತವರನ್ನೂ ಸೆರೆಹೋದವರನ್ನೂ ನೆನೆದು ಪಶ್ಚಾತ್ತಾಪ ಪಟ್ಟ ಅಶೋಕನ 13ನೇ ಶಾಸನ ಇಡೀ ಜಗತ್ತಿಗೆ ಗೊತ್ತು. ಅದೇ ಅಶೋಕ ನೆರೆಯವರೆಂದು ಹೆಸರಿಸಿದ ಮನೆತನದ ಆಸ್ಥಾನದಿಂದಲೇ ಮುಂದೆ ಅವ್ವೈಯ ಹಾಡು ಬಂತು. ಅಲ್ಲಿ ಅರಸ ಯುದ್ಧ ಮುಗಿದ ಮೇಲೆ ಮರುಗಿದ, ಇಲ್ಲಿ ಕವಯಿತ್ರಿ ಯುದ್ಧಕ್ಕೆ ಮುಂಚೆಯೇ ಮಾತಾಡಿದಳು.

ಕುಲುಮೆಯ ನಾಡು

ಹಾಡಿನ ಕಮ್ಮಾರಶಾಲೆ ಕವಿಸಮಯವಲ್ಲ. ಸೇಲಂ, ಧರ್ಮಪುರಿ, ಕೃಷ್ಣಗಿರಿ ಸೀಮೆ ದಕ್ಷಿಣ ಭಾರತದ ಹಳೆಯ ಕಬ್ಬಿಣದ ನಾಡು. ಸೇಲಂ ಪಕ್ಕದ ಕಂಜಮಲೆಯಲ್ಲಿ ಮ್ಯಾಗ್ನೆಟೈಟ್ ಅದಿರಿನ ದೊಡ್ಡ ನಿಕ್ಷೇಪವಿದೆ. ಇಂದಿನ ಸೇಲಂ ಉಕ್ಕಿನ ಕಾರ್ಖಾನೆ ಇರುವುದೂ ಆ ಬೆಟ್ಟದ ತಪ್ಪಲಲ್ಲೇ. ಕೃಷ್ಣಗಿರಿ ಜಿಲ್ಲೆಯ ಮಯಿಲಾಡುಂಪಾರೈ ಉತ್ಖನನದಲ್ಲಿ ಕಬ್ಬಿಣದ ಬಳಕೆ ಕ್ರಿ.ಪೂ. 2172ರಷ್ಟು ಹಿಂದೆ ಹೋಗುತ್ತದೆಂದು ತಮಿಳುನಾಡು ಸರ್ಕಾರ 2022ರಲ್ಲಿ ಪ್ರಕಟಿಸಿತು. ಅದಿರು ಕರಗಿಸುವವರು, ನೇಗಿಲಿನ ಗುಳ ಮತ್ತು ಭರ್ಜಿಯ ಮೊನೆ ಎರಡನ್ನೂ ಬಡಿಯುವ ಕಮ್ಮಾರರು ಈ ಊರುಗಳಲ್ಲಿ ದಿನವೂ ಕಣ್ಣಿಗೆ ಬೀಳುತ್ತಿದ್ದ ಜನ. ಅರಮನೆಯ ಆಯುಧಕ್ಕೆ ಎದುರಾಗಿ ಅವ್ವೈ ಕಮ್ಮಾರನ ಪುಟ್ಟ ಮನೆಯನ್ನು ನಿಲ್ಲಿಸಿದ್ದು ತಾನು ಬಾಳಿದ ಪರಿಸರದಿಂದಲೇ.

ಅವ್ವೈ ಯಾರು? ಇದು ಜನಪದ ಹಾಡೇ?

ಅವ್ವೈ ಎಂಬ ಹೆಸರಿನ ಕವಯಿತ್ರಿಯರು ತಮಿಳಿನಲ್ಲಿ ಒಬ್ಬರಿಗಿಂತ ಹೆಚ್ಚು. ‘ಆತ್ತಿಚೂಡಿ’, ‘ಕೊಂಡ್ರೈವೇಂದನ್’ ನೀತಿಪದ್ಯಗಳ ಅವ್ವೈ ಶತಮಾನಗಳ ನಂತರದವಳು. 1953ರಲ್ಲಿ ಜೆಮಿನಿ ಸಂಸ್ಥೆ ತೆಗೆದ, ಕೆ.ಬಿ. ಸುಂದರಾಂಬಾಳ್ ನಟಿಸಿದ ‘ಅವ್ವೈಯಾರ್’ ಚಿತ್ರ ಕೋಲೂರಿದ ಅಜ್ಜಿಯ ಒಂದೇ ರೂಪವನ್ನು ಜನಮನದಲ್ಲಿ ನಿಲ್ಲಿಸಿತು. ಸಂಗಂ ಅವ್ವೈ ಬೇರೆ. ಪುರನಾನೂರಿನಲ್ಲೇ ಅವಳ 33 ಪದ್ಯಗಳಿವೆ. ಅವಳು ಅರಸನೊಡನೆ ಸಲಿಗೆಯಿಂದಿರುವ, ತಡಮಾಡಿದರೆ ಅವನ ಬಾಗಿಲಲ್ಲೇ ಸಿಡುಕುವ, ಕಳ್ಳು ಮಾಂಸಗಳ ಔತಣದಲ್ಲಿ ಜೊತೆ ಕೂರುವ ಹೆಣ್ಣು.

ಆ ಕಾಲದಲ್ಲಿ ಯಾಳ್ ಎಂಬ ತಂತಿವಾದ್ಯ ಹಿಡಿದು ಊರಿಂದೂರಿಗೆ ಹೋಗುತ್ತಿದ್ದ ಪಾಣರು, ಕುಣಿದು ಹಾಡುತ್ತಿದ್ದ ವಿರಲಿಯರು ಅರಸರ ಕೀರ್ತಿಯನ್ನು ಹೊತ್ತು ತಿರುಗುತ್ತಿದ್ದರು. ಸಂಗಂ ಪದ್ಯಗಳು ಈ ಬಾಯಿಪಾಠದ ಹಾಡುಗಾರಿಕೆಯಿಂದ ಬಂದವೆಂದು ಶ್ರೀಲಂಕಾದ ವಿದ್ವಾಂಸ ಕೆ. ಕೈಲಾಸಪತಿ 1968ರ ತಮ್ಮ ಗ್ರಂಥದಲ್ಲಿ ವಾದಿಸಿದರು. ಹಾಡುಗರಂತೆ ದನಿಯೆತ್ತಿ ಬರೆದ ನುರಿತ ಕವಿಗಳ ರಚನೆಗಳಿವು ಎಂದು ಹೇಳುವವರೂ ಇದ್ದಾರೆ. ಕರ್ತೃವಿನ ಹೆಸರಿರುವ, ಛಂದಸ್ಸಿಗೆ ಕಟ್ಟುಬಿದ್ದ ಈ ಪದ್ಯ ಬೀಸುವ ಪದ, ಲಾವಣಿಗಳ ಅರ್ಥದಲ್ಲಿ ಜನಪದವಲ್ಲ. ಆದರೆ ಪಾಣರ ಸಂಪ್ರದಾಯದ ನೆರಳಲ್ಲಿ ಬೆಳೆದು, ಶಾಲಾಪಠ್ಯ ಮತ್ತು ಕಥೆಗಳ ಮೂಲಕ ಜನರ ಬಾಯಲ್ಲಿ ಉಳಿದದ್ದರಿಂದ ಅದಕ್ಕೆ ಜನಪದದ ಬಾಳು ಸಿಕ್ಕಿದೆ.

ದೂತರ ಕೆಲಸಕ್ಕೆ ಕವಿ ಯೋಗ್ಯನಾಗಿದ್ದುದಕ್ಕೂ ಕಾರಣವಿದೆ. ಹಾಡುಗರು ಎಲ್ಲ ಅರಸರ ಬಾಗಿಲಿಗೂ ಹೋಗಬಲ್ಲವರು, ಅವರ ನಿಂದೆಗೆ ಅರಸರು ಅಂಜುತ್ತಿದ್ದರು. ತಿರುಕ್ಕುರಳ್ ತನ್ನ 69ನೇ ಅಧ್ಯಾಯವನ್ನು ಇಡಿಯಾಗಿ ದೂತನಿಗೆ ಮೀಸಲಿಟ್ಟು, ಪ್ರಾಣಭಯವಿದ್ದರೂ ಅಳುಕದೆ ಹೇಳಬೇಕಾದ್ದನ್ನು ಹೇಳುವುದು ಅವನ ಲಕ್ಷಣವೆನ್ನುತ್ತದೆ.

ತಗಡೂರಿನ ಪತನ

ಒಂದು ಯುದ್ಧ ತಪ್ಪಿತು, ಯುದ್ಧಗಳು ತಪ್ಪಲಿಲ್ಲ. ಹಳೆಯ ಸೇಲಂ ಜಿಲ್ಲೆಗೆ ಸೇರಿದ್ದ ಕೊಲ್ಲಿಮಲೆಯ ಒಡೆಯ ಓರಿಯನ್ನು ಮಲೈಯಮಾನ್ ಕಾರಿ ಕೊಂದು, ಆ ಬೆಟ್ಟವನ್ನು ಚೇರರಿಗೆ ಒಪ್ಪಿಸಿದ. ಚೇರರ ಬಲ ಇತ್ತ ಹರಡುತ್ತಿದ್ದಂತೆ ತಗಡೂರಿಗೆ ಅಪಾಯ ಹತ್ತಿರವಾಯಿತು. ಕಡೆಗೆ ಪೆರುಂಚೇರಲ್ ಇರುಂಪೊರೈ ಎಂಬ ಚೇರ ಅರಸ ತಗಡೂರನ್ನು ಕೆಡವಿದ. ಆ ಕದನದ ಕಥೆ ಹೇಳುತ್ತಿದ್ದ ‘ತಗಡೂರ್ ಯಾತ್ತಿರೈ’ ಎಂಬ ಕೃತಿ ಇಡಿಯಾಗಿ ಉಳಿದಿಲ್ಲ, ಬೇರೆ ಗ್ರಂಥಗಳಲ್ಲಿ ಉದ್ಧರಿಸಿದ ಬಿಡಿಪದ್ಯಗಳು ಮಾತ್ರ ಸಿಗುತ್ತವೆ.

ಗೆದ್ದ ಚೇರನನ್ನು ‘ಪದಿಟ್ರುಪ್ಪತ್ತು’ ಸಂಕಲನದ ಹತ್ತು ಪದ್ಯಗಳ ಎಂಟನೇ ಗುಚ್ಛದಲ್ಲಿ ಹಾಡಿದವನು ಅರಿಸಿಲ್ ಕಿಳಾರ್. ಮೆಚ್ಚಿದ ಅರಸ ಸಿಂಹಾಸನವನ್ನೇ ಕೊಟ್ಟರೂ ಕವಿ ಅದನ್ನು ಹಿಂದಿರುಗಿಸಿ ಮಂತ್ರಿಪದವಿ ಸಾಕೆಂದನಂತೆ. ಅದೇ ಕವಿ ತಗಡೂರಿನಲ್ಲಿ ಬಿದ್ದ ಅದಿಯ ಮನೆತನದ ಎಳಿನಿಯ ಮೇಲೆ ಶೋಕಗೀತೆಯನ್ನೂ ಹಾಡಿದ್ದಾನೆ, ಅದು ಪುರನಾನೂರಿನ 230ನೇ ಪದ್ಯ. ಎಳಿನಿಯ ಆಳ್ವಿಕೆಯಲ್ಲಿ ಕರುಗಳು ಕಾಡಿನಲ್ಲಿ ನಿರ್ಭಯವಾಗಿ ಮಲಗುತ್ತಿದ್ದವು, ಕಣದ ರಾಶಿಗೆ ಕಾವಲು ಬೇಕಿರಲಿಲ್ಲ ಎಂದು ನೆನೆದು, ಹಸಿವು ತಾಳದೆ ಬಿತ್ತನೆಯ ಬೀಜವನ್ನೇ ತಿಂದ ಒಕ್ಕಲಿಗನಂತಾಯಿತು ನಿನ್ನ ಕೆಲಸವೆಂದು ಯಮನನ್ನು ಬೈಯುತ್ತಾನೆ. ಗೆದ್ದವನ ಕವಿಯೇ ಸೋತವನಿಗಾಗಿ ಅತ್ತ ಇಂಥ ನಿದರ್ಶನ ಯಾವ ಸಾಹಿತ್ಯದಲ್ಲೂ ವಿರಳ.

ಅವ್ವೈಯ ಪಾಲಿಗೂ ಶೋಕಗೀತೆ ಬಂತು. ಅದಿಯಮಾನನ ಮರಣದ ಮೇಲೆ ಅವಳು ಹಾಡಿದ 235ನೇ ಪದ್ಯದಲ್ಲಿ ಅವನ ಎದೆಗೆ ತಗುಲಿದ ಭರ್ಜಿ ಅಲ್ಲಿಗೇ ನಿಲ್ಲುವುದಿಲ್ಲ. ಅದು ಹಾಡುಗರ ಭಿಕ್ಷಾಪಾತ್ರೆಯನ್ನು ತೂತುಮಾಡಿ, ಬಂಧುಗಳ ಕಣ್ಣ ಬೆಳಕನ್ನು ಕೆಡಿಸಿ, ಕವಿಗಳ ನಾಲಗೆಯವರೆಗೆ ಹೋಗುತ್ತದೆ. ಒಬ್ಬನನ್ನು ಇರಿದ ಆಯುಧ ಎಷ್ಟು ಮಂದಿಯನ್ನು ಇರಿಯುತ್ತದೆ ಎಂಬ ಲೆಕ್ಕ ಅಲ್ಲಿದೆ. 95ನೇ ಪದ್ಯದಲ್ಲಿ ಮುರಿದದ್ದು ಭರ್ಜಿಯ ಮೊನೆ ಮಾತ್ರ. 235ರಲ್ಲಿ ಅದೇ ಅನ್ನದಾತನ ಮನೆ ಮುರಿದಿದೆ. ಎರಡನ್ನೂ ಒಟ್ಟಿಗೆ ಓದಿದಾಗ ಮೊದಲನೆಯದರ ಪೂರ್ತಿ ಅರ್ಥ ಹೊಳೆಯುತ್ತದೆ.

ಅದೇ ದನಿಯ ಇತರ ಹಾಡುಗಳು

ಯುದ್ಧಕ್ಕೆ ಅಡ್ಡ ನಿಂತ ಕವಿ ಅವ್ವೈ ಒಬ್ಬಳೇ ಅಲ್ಲ. ಚೋಳರ ಇಬ್ಬರು ದಾಯಾದಿಗಳಾದ ನಲಂಕಿಳ್ಳಿ ಮತ್ತು ನೆಡುಂಕಿಳ್ಳಿ ಉರೈಯೂರಿನಲ್ಲಿ ಎದುರುಬದುರಾದಾಗ ಕೋವೂರ್ ಕಿಳಾರ್ 45ನೇ ಪದ್ಯ ಹಾಡಿದ. ಇಬ್ಬರೂ ಮುಡಿದಿರುವುದು ಒಂದೇ ಕುಲದ ಹೂವು, ಯಾರು ಸೋತರೂ ಸೋಲುವುದು ನಿಮ್ಮ ಮನೆಯೇ ಎಂಬುದು ಅದರ ಸಾರ. ಪರಂಬು ಬೆಟ್ಟದ ದಾನಿ ಪಾರಿಯನ್ನು ಮೂವರು ಅರಸರು ಮುತ್ತಿದಾಗ ಕಪಿಲರ್ ಅವರಿಗೆ, ಕತ್ತಿಯಿಂದ ಈ ಬೆಟ್ಟ ಸಿಗದು, ಹಾಡುತ್ತ ಕುಣಿಯುತ್ತ ಬಂದು ಬೇಡಿದರೆ ಅವನೇ ಕೊಟ್ಟುಬಿಡುತ್ತಾನೆ ಎಂದು ಹೇಳಿದ. ಅವರು ಕೇಳಲಿಲ್ಲ. ತಂದೆಯನ್ನೂ ಬೆಟ್ಟವನ್ನೂ ಕಳೆದುಕೊಂಡ ಪಾರಿಯ ಹೆಣ್ಣುಮಕ್ಕಳು ಕಳೆದ ಹುಣ್ಣಿಮೆಯನ್ನೂ ಈ ಹುಣ್ಣಿಮೆಯನ್ನೂ ಹೋಲಿಸಿ ಹಾಡಿದ 112ನೇ ಪದ್ಯ ತಮಿಳಿನ ಅತ್ಯಂತ ಪ್ರಸಿದ್ಧ ಶೋಕಗೀತೆಗಳಲ್ಲಿ ಒಂದು.

ಇವೆಲ್ಲ ವೀರವನ್ನು ಪೂಜಿಸಿದ ಸಂಕಲನದೊಳಗೇ ಇವೆ. ರಣದಲ್ಲಿ ಸಾಯುವುದೇ ಗೌರವವೆಂದು ಸಾರುವ ಪದ್ಯಗಳೂ ಅದರಲ್ಲಿವೆ, ಅವ್ವೈಯೂ ಅಂಥವನ್ನು ಹಾಡಿದ್ದಾಳೆ. ಯುದ್ಧದಿಂದ ಬಂದ ಅದಿಯಮಾನ್ ಹಸುಗೂಸು ಮಗನನ್ನು ನೋಡುವಾಗಲೂ ಅವನ ಕಣ್ಣಿನ ಕೆಂಪು ಆರಿರಲಿಲ್ಲ ಎಂದು 100ನೇ ಪದ್ಯದಲ್ಲಿ ಕಂಡದ್ದೂ ಅವಳೇ.

ಕನ್ನಡದ ನಂಟು

ತಗಡೂರು ಕನ್ನಡಿಗರಿಗೆ ಹೊರಗಿನ ಊರಲ್ಲ. ಕ್ರಿ.ಶ. 9–10ನೇ ಶತಮಾನದಲ್ಲಿ ಇಲ್ಲಿ ನೊಳಂಬರ ಆಳ್ವಿಕೆಯಿತ್ತು. ಮಹೇಂದ್ರ ನೊಳಂಬನ ಕಾಲದ, ಶಕ 815ರ, ಅಂದರೆ ಕ್ರಿ.ಶ. 893ರ, ಧರ್ಮಪುರಿಯ ಕನ್ನಡ ಶಾಸನ ತಗಡೂರಿನಲ್ಲಿ ಕಟ್ಟಿದ ಜೈನ ಬಸದಿಯನ್ನೂ ಅದಕ್ಕೆ ಬಿಟ್ಟ ದತ್ತಿಯನ್ನೂ ದಾಖಲಿಸುತ್ತದೆ. ಅದಿಯಮ ಎಂಬ ಹೆಸರು ಕನ್ನಡ ಶಾಸನಗಳಲ್ಲೂ ಬರುತ್ತದೆ: ಸುಮಾರು 1116ರಲ್ಲಿ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ತಲಕಾಡನ್ನು ಗೆದ್ದಾಗ ಅಲ್ಲಿ ಚೋಳರ ಸಾಮಂತನಾಗಿದ್ದವನು ಅದಿಯಮನೇ. ಮುಂದೆ ಬಾರಾಮಹಲ್ ಎನಿಸಿಕೊಂಡ ಈ ಸೀಮೆ ಹೈದರ್, ಟಿಪ್ಪು ಮತ್ತು ಕಂಪನಿಯ ಯುದ್ಧಗಳಲ್ಲಿ ಮತ್ತೆಮತ್ತೆ ನಲುಗಿ, 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಸೇಲಂ ಜೊತೆಗೆ ಮೈಸೂರಿನ ಕೈಬಿಟ್ಟಿತು. ಸೇಲಂ ಜಿಲ್ಲೆಯಿಂದ ಧರ್ಮಪುರಿ ಬೇರೆಯಾದದ್ದು 1965ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನ. ಸೇಲಂ ನಗರದ ದೇವಾಂಗ ನೇಕಾರರ ಅನೇಕ ಮನೆಗಳಲ್ಲಿ, ಧರ್ಮಪುರಿ ಮತ್ತು ಕೃಷ್ಣಗಿರಿಯ ಹಳ್ಳಿಗಳಲ್ಲಿ ಕನ್ನಡ ಇಂದಿಗೂ ಮನೆಮಾತು.

ಈ ಸೀಮೆಯ ಹೊಲ, ಕೆರೆಯೇರಿಗಳಲ್ಲಿ ವೀರಗಲ್ಲುಗಳು ಹೇರಳ. ದನ ಬಿಡಿಸಲು ಹೋಗಿ ಮಡಿದವರ ನೆನಪಿನ ಕಲ್ಲುಗಳೇ ಅವುಗಳಲ್ಲಿ ಬಹಳ. ಧರ್ಮಪುರಿಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಇಂಥ ಕಲ್ಲುಗಳನ್ನು ಕೂಡಿಸಿಟ್ಟಿದ್ದಾರೆ. ಧರ್ಮಪುರಿಯಿಂದ ಸೇಲಂ ಕಡೆಗಿನ ದಾರಿಯಲ್ಲಿರುವ ಅದಿಯಮಾನ್‌ಕೋಟ್ಟೈ ಎಂಬ ಊರು ಹಳೆಯ ಅರಸನ ಹೆಸರನ್ನು ಉಳಿಸಿಕೊಂಡಿದೆ.

ಯುದ್ಧ ತಪ್ಪಿಸುವ ಚಿಂತನೆಗೆ ಕನ್ನಡದಲ್ಲಿ ಹಿರಿಯ ಮಾದರಿ ಪಂಪನ ‘ಆದಿಪುರಾಣ’, ಕ್ರಿ.ಶ. 941ರದು. ಅಣ್ಣ ಭರತ, ತಮ್ಮ ಬಾಹುಬಲಿ ಸೇನೆಯೊಡನೆ ಎದುರಾದಾಗ, ನಿಮ್ಮಿಬ್ಬರ ಜಗಳಕ್ಕೆ ಸೈನಿಕರು ಏಕೆ ಸಾಯಬೇಕೆಂದು ಮಂತ್ರಿಗಳು ತಡೆದರು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ಗೆದ್ದ ಬಾಹುಬಲಿ ಗೆಲುವನ್ನೇ ಬಿಟ್ಟು ತಪಸ್ಸಿಗೆ ಹೋದ. ಅಲ್ಲಿ ಮಂತ್ರಿಗಳು ಮಾಡಿದ ಕೆಲಸವನ್ನು ತಗಡೂರಿನ ಕಥೆಯಲ್ಲಿ ಒಬ್ಬ ಹೆಣ್ಣು ಒಬ್ಬಳೇ, ಹಗೆಯ ಅರಮನೆಯೊಳಗೆ ನಿಂತು ಮಾಡಿದಳು.

ಇಂದು ಈ ಹಾಡು ಏಕೆ ಬೇಕು?

ಆಯುಧಗಳ ಪ್ರದರ್ಶನ ತೊಂಡೈಮಾನನ ಕಾಲಕ್ಕೆ ಮುಗಿಯಲಿಲ್ಲ. ಇಂದಿನ ದೇಶಗಳೂ ಅವುಗಳನ್ನು ಅಲಂಕರಿಸಿ ಬೀದಿಯಲ್ಲಿ ಮೆರೆಸುತ್ತವೆ, ನೋಡುವವರ ಎದೆ ಉಬ್ಬುತ್ತದೆ. ಆಗ ಕೇಳಬೇಕಾದ ಪ್ರಶ್ನೆಯನ್ನು ಅವ್ವೈ ಎರಡು ಸಾವಿರ ವರ್ಷಗಳ ಹಿಂದೆಯೇ ಕಲಿಸಿದ್ದಾಳೆ: ಇವನ್ನು ಬಳಸಿದ ಮೇಲೆ ಉಳಿಯುವುದೇನು, ಇದರ ಒಡೆಯ ಹಸಿದವರಿಗೆ ಏನು ಕೊಡುತ್ತಾನೆ?

ಶಾಲೆಗಳಲ್ಲಿ ಈ ಪದ್ಯವನ್ನು ಚತುರ ದೂತಳ ಜಾಣ್ಮೆಯ ಕಥೆಯಾಗಿ ಮಾತ್ರ ಹೇಳಿದರೆ ಅರ್ಧ ಹೇಳಿದಂತೆ. ಅದರೊಂದಿಗೆ ಅರಿಸಿಲ್ ಕಿಳಾರನ 230ನೇ ಪದ್ಯವನ್ನೂ ಅವ್ವೈಯ 235ನೇ ಪದ್ಯವನ್ನೂ ಇಡಬೇಕು. ಹಾಡು ತಡೆದ ಯುದ್ಧ ಒಂದು, ತಡೆಯಲಾಗದೆ ಹೋದದ್ದು ಇನ್ನೊಂದು. ಎರಡನ್ನೂ ಬಲ್ಲ ಮಕ್ಕಳು ಶಾಂತಿಯನ್ನು ಹೇಡಿಗಳ ಮಾತೆಂದು ತಿಳಿಯುವುದಿಲ್ಲ, ಏಕೆಂದರೆ ಇಲ್ಲಿ ಯುದ್ಧ ಬೇಡವೆಂದವರು ಯುದ್ಧವನ್ನು ಹತ್ತಿರದಿಂದ ಕಂಡವರು, ಅದರ ಬೆಲೆ ತೆತ್ತವರು.